ಕರುಳಿನ ಶಸ್ತ್ರಚಿಕಿತ್ಸೆಯ ನಂತರದ ದಿನಗಳು: ಮನೆಮಂದಿ ಅರಿತಿರಬೇಕಾದ ಎಚ್ಚರಗಳು



ಶ್ರೀಮಠದ ಭಕ್ತರಾದ ಹೊಳಲಿನ ಹಿರಿಯರೊಬ್ಬರಿಗೆ ಕೆಲವು ವರ್ಷಗಳ ಹಿಂದೆ ದೊಡ್ಡ ಕರುಳಿನಲ್ಲಿ ಗಡ್ಡೆ ಕಾಣಿಸಿಕೊಂಡು ಶಸ್ತ್ರಚಿಕಿತ್ಸೆಯಾಯಿತು. ಆರನೆಯ ದಿನ ಅವರು ನಗುನಗುತ್ತಲೇ ಮನೆಗೆ ಮರಳಿದರು. ಏಳನೆಯ ದಿನ ರಾತ್ರಿ ಹತ್ತು ಗಂಟೆಯ ವೇಳೆಗೆ ಅವರ ಮಗ ನಮಗೆ ದೂರವಾಣಿ ಮಾಡಿ, ತಂದೆಯವರಿಗೆ ಚಳಿ ಬಂದಿದೆ, ಹೊಟ್ಟೆ ಉಬ್ಬಿದೆ, ಎದೆ ಡವಗುಟ್ಟುತ್ತಿದೆ ಎಂದರು. ಜೀರಿಗೆ ಕಷಾಯ ಕೊಟ್ಟಿದ್ದೇವೆ, ನಾಳೆ ಅಮಾವಾಸ್ಯೆ, ಏನು ಮಾಡೋಣ ಎಂದು ಕೇಳಿದರು. ನಾವು ನಮಗೆ ತಿಳಿದಷ್ಟನ್ನು ನೆಚ್ಚಿಕೊಂಡು, "ವಾಯು ಇರಬಹುದು, ಬೆಳಗಾಗಲಿ, ನೋಡೋಣ" ಎಂದು ಉತ್ತರಿಸಿದೆವು. ಬೆಳಗಾಯಿತು, ಅಮಾವಾಸ್ಯೆಯೂ ಕಳೆಯಿತು. ಅವರು ಆಸ್ಪತ್ರೆ ಸೇರುವ ವೇಳೆಗೆ ಕರುಳಿನ ಹೊಲಿಗೆ ಸೋರಿ ಹೊಟ್ಟೆಯೊಳಗೆಲ್ಲ ಕೀವು ತುಂಬಿತ್ತು. ಎರಡನೆಯ ಶಸ್ತ್ರಚಿಕಿತ್ಸೆ, ಅನೇಕ ದಿನಗಳ ತೀವ್ರ ನಿಗಾ ಘಟಕದ ವಾಸ, ಹೊಟ್ಟೆಯ ಮೇಲೊಂದು ಚೀಲ: ಇಷ್ಟೆಲ್ಲ ಆದ ಮೇಲೆ ಅವರು ಬದುಕಿ ಬಂದರು. ಶಿವನ ಕೃಪೆ, ವೈದ್ಯರ ಶ್ರಮ. ಆದರೆ "ಬೆಳಗಾಗಲಿ" ಎಂಬ ನಮ್ಮ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತಿದೆ. ಈ ಲೇಖನಕ್ಕೆ ಅದೇ ಕಾರಣ.

ನಾವು ವೈದ್ಯರಲ್ಲ. ಆ ಘಟನೆಯ ನಂತರ ಬಲ್ಲವರನ್ನು ಕೇಳಿ, ಓದಿ, ತಿಳಿದುಕೊಂಡದ್ದನ್ನು ಇಲ್ಲಿ ಭಕ್ತರೊಡನೆ ಹಂಚಿಕೊಳ್ಳುತ್ತಿದ್ದೇವೆ. ರೋಗಿಯನ್ನು ನೋಡಿದ ವೈದ್ಯರ ಮಾತೇ ಅಂತಿಮ. ಶಸ್ತ್ರವೈದ್ಯರ ಕೆಲಸ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಅದರ ಮುಂದಿನ ಮೂವತ್ತು ದಿನಗಳ ಹೊಣೆಯಲ್ಲಿ ದೊಡ್ಡ ಪಾಲು ಮನೆಮಂದಿಯದು. ಯಾವ ದಿನ ಯಾವ ಅಪಾಯ ಬರಬಹುದೆಂಬುದನ್ನು ಬಲ್ಲ ಮನೆ ಕಾಯುತ್ತಾ ಕೂರುವುದಿಲ್ಲ ಎಂಬುದೇ ನಾವು ಹೇಳಬಯಸುವ ಮುಖ್ಯ ಸಂಗತಿ.

ಕರುಳಿಗೆ ಏಕೆ ಶಸ್ತ್ರಚಿಕಿತ್ಸೆ?

ಕರುಳಿನಲ್ಲಿ ಅಡಚಣೆಯಾಗುವುದು, ವಿಷಮಶೀತ ಜ್ವರ ಅಥವಾ ಕ್ಷಯದಿಂದ ಕರುಳು ತೂತಾಗುವುದು, ಅಪೆಂಡಿಕ್ಸ್ ಒಡೆಯುವುದು, ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡು ಕೊಳೆಯುವುದು, ಗಡ್ಡೆ ಬೆಳೆಯುವುದು, ಅಪಘಾತದಲ್ಲಿ ಹೊಟ್ಟೆಗೆ ಪೆಟ್ಟಾಗುವುದು ಮುಂತಾದವು ಇದರ ಸಾಮಾನ್ಯ ಕಾರಣಗಳು. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಹೊಲಿಗೆಯಿಂದಲೋ ಲೋಹದ ಪಿನ್ನುಗಳಿಂದಲೋ ಜೋಡಿಸುತ್ತಾರೆ. ನಮ್ಮ ದೇಶಕ್ಕೆ ಇದು ತೀರಾ ಹೊಸ ವಿದ್ಯೆಯಲ್ಲ. ಸುಶ್ರುತ ಸಂಹಿತೆಯಲ್ಲಿ ಬದ್ಧಗುದೋದರ ಮತ್ತು ಪರಿಸ್ರಾವಿ ಉದರಗಳ ಚಿಕಿತ್ಸೆಯನ್ನು ಹೇಳುವಾಗ, ಹೊಟ್ಟೆಯನ್ನು ತೆರೆದು, ತೂತಾದ ಕರುಳಿನ ಅಂಚುಗಳನ್ನು ಕೂಡಿಸಿ ಕಪ್ಪು ಇರುವೆಗಳಿಂದ ಕಚ್ಚಿಸಿ, ತಲೆಗಳನ್ನು ಮಾತ್ರ ಅಲ್ಲೇ ಉಳಿಸುವ ಕ್ರಮವನ್ನು ವಿವರಿಸಲಾಗಿದೆ. ಸಾಧನಗಳು ಬದಲಾದರೂ ಸಮಸ್ಯೆಯ ಮೂಲ ಬದಲಾಗಿಲ್ಲ. ಚರ್ಮದ ಹೊಲಿಗೆ ಕಣ್ಣಿಗೆ ಕಾಣುತ್ತದೆ, ಕರುಳಿನ ಹೊಲಿಗೆ ಕಾಣುವುದಿಲ್ಲ. ಅದು ಕೂಡಿತೋ ಇಲ್ಲವೋ ಎಂಬುದನ್ನು ದೇಹ ತೋರುವ ಗುರುತುಗಳಿಂದಲೇ ಊಹಿಸಬೇಕು.

ಮುನ್ನವೇ ಆರಂಭವಾಗುವ ಎಚ್ಚರ

ತುರ್ತು ಶಸ್ತ್ರಚಿಕಿತ್ಸೆಗೆ ಸಿದ್ಧತೆಯ ಕಾಲಾವಕಾಶ ಇರುವುದಿಲ್ಲ. ದಿನಾಂಕ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಗಾದರೆ ಮಾಡಬೇಕಾದುದು ಬಹಳಷ್ಟಿದೆ. ಬೀಡಿ, ಸಿಗರೇಟು ಸೇದುವವರು ಕನಿಷ್ಠ ನಾಲ್ಕು ವಾರ ಮುಂಚೆ ಅದನ್ನು ಬಿಡಬೇಕು. ಹೊಗೆ ರಕ್ತನಾಳಗಳನ್ನು ಕುಗ್ಗಿಸಿ ಹೊಲಿಗೆಯ ಜಾಗಕ್ಕೆ ಹೋಗುವ ಆಮ್ಲಜನಕವನ್ನು ಕಡಿಮೆ ಮಾಡುತ್ತದೆ. ಶ್ವಾಸಕೋಶದಲ್ಲಿ ಕಫ ಕಟ್ಟುತ್ತದೆ. ಮಧುಮೇಹಿಗಳು ಸಕ್ಕರೆಯನ್ನು ಹತೋಟಿಗೆ ತರಬೇಕು. ರಕ್ತಹೀನತೆಯಿದ್ದರೆ ಸರಿಪಡಿಸಿಕೊಳ್ಳಬೇಕು. ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಊರಿನ ಪರಿಚಿತರು ಕೊಟ್ಟ ಪುಡಿಯೋ ಲೇಹ್ಯವೋ ಸೇವಿಸುತ್ತಿದ್ದರೆ, ಮುಚ್ಚಿಡದೆ ಹೇಳಬೇಕು. ಗುಣವಾಗಲೆಂದು ಹರಕೆ ಹೊತ್ತು ವಾರಗಟ್ಟಲೆ ಒಪ್ಪತ್ತು ಮಾಡುವವರನ್ನು ನಾವು ಕಂಡಿದ್ದೇವೆ. ಸೊರಗಿದ ದೇಹದಲ್ಲಿ ಗಾಯ ಕೂಡುವುದಿಲ್ಲ. ಆ ದಿನಗಳಲ್ಲಿ ಚೆನ್ನಾಗಿ ಉಂಡು ಬಲಗೊಳ್ಳುವುದೇ ಸರಿಯಾದ ವ್ರತ. ಶಸ್ತ್ರಚಿಕಿತ್ಸೆಯ ಮುನ್ನ ಎಷ್ಟು ಗಂಟೆ ಏನನ್ನೂ ಸೇವಿಸಬಾರದೆಂಬುದನ್ನು ವೈದ್ಯರೇ ಹೇಳುತ್ತಾರೆ, ಅದನ್ನು ಮೀರಬಾರದು.

ಮೊದಲ ಮೂರು ದಿನ: ಏಳುವುದು, ಉಸಿರಾಡುವುದು, ಉಣ್ಣುವುದು

ನಮ್ಮ ಕಡೆ ರೋಗಿಯ ಮೇಲಿನ ಪ್ರೀತಿ ಎರಡು ಬಗೆಯಲ್ಲಿ ಪ್ರಕಟವಾಗುತ್ತದೆ: ಅಲುಗಾಡದಂತೆ ಮಲಗಿಸುವುದು ಮತ್ತು ಬಂದವರೆಲ್ಲ ಸುತ್ತ ಕೂರುವುದು. ಎರಡೂ ಹಾನಿಕರ.

ಮಲಗಿಯೇ ಇದ್ದರೆ ಶ್ವಾಸಕೋಶದ ಕೆಳಭಾಗ ಕುಸಿದು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕರುಳಿನ ಚಲನೆಯೂ ತಡವಾಗುತ್ತದೆ. ಹಿಂದೆ ಕರುಳಿನ ಶಸ್ತ್ರಚಿಕಿತ್ಸೆಯಾದವರನ್ನು ದಿನಗಟ್ಟಲೆ ಉಪವಾಸವಿರಿಸಿ ಮಲಗಿಸುವುದು ಜಗತ್ತಿನೆಲ್ಲೆಡೆ ಪದ್ಧತಿಯಾಗಿತ್ತು. 1990ರ ದಶಕದಲ್ಲಿ ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ ಅವರು ಈ ಪದ್ಧತಿಯನ್ನು ಪ್ರಶ್ನಿಸಿ, ಬೇಗ ಎಬ್ಬಿಸಿ, ಬೇಗ ಉಣಿಸಿ, ನೋವನ್ನು ಚೆನ್ನಾಗಿ ಶಮನಗೊಳಿಸಿದರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆಂದು ತೋರಿಸಿಕೊಟ್ಟರು. ಇಂದು ಅದೇ ಮಾರ್ಗ ಎಲ್ಲೆಡೆ ಹಬ್ಬಿದೆ.

ಆದುದರಿಂದ ವೈದ್ಯರು ಅಥವಾ ದಾದಿಯರು ಶಸ್ತ್ರಚಿಕಿತ್ಸೆಯ ದಿನ ಸಂಜೆಯೋ ಮರುದಿನ ಬೆಳಿಗ್ಗೆಯೋ "ಎದ್ದು ನಡೆಯಿರಿ" ಎಂದಾಗ, ಅದನ್ನು ಕರುಣೆಯಿಲ್ಲದ ಮಾತೆಂದು ಭಾವಿಸಬಾರದು. ಒಬ್ಬರು ಹಿಡಿದುಕೊಂಡು ಮೊದಲು ಹಾಸಿಗೆಯ ಅಂಚಿನಲ್ಲಿ ಕೂರಿಸಿ, ಅನಂತರ ಕುರ್ಚಿಗೆ, ಅನಂತರ ಬಾಗಿಲವರೆಗೆ ನಡೆಸಬೇಕು. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಬಾರಿ ಆಳವಾಗಿ ಉಸಿರೆಳೆದುಕೊಳ್ಳಬೇಕು. ಮೂರು ಚೆಂಡುಗಳಿರುವ ಊದುಸಾಧನವನ್ನು ಕೊಟ್ಟಿದ್ದರೆ ಅದರಲ್ಲಿ ಉಸಿರನ್ನು ಒಳಗೆ ಎಳೆಯಬೇಕೇ ಹೊರತು ಊದಬಾರದು. ಹೆಸರು ಕೇಳಿ ಅನೇಕರು ಊದುತ್ತಲೇ ಇರುತ್ತಾರೆ. ಕೆಮ್ಮು ಬಂದಾಗ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮಿದರೆ ಹೊಲಿಗೆಯ ಮೇಲೆ ಒತ್ತಡ ಬೀಳುವುದಿಲ್ಲ. ನೋವನ್ನು ಸಹಿಸಿಕೊಳ್ಳುವುದು ಶೂರತನವಲ್ಲ. ನೋವಿರುವವರು ಆಳವಾಗಿ ಉಸಿರಾಡುವುದೂ ಇಲ್ಲ, ನಡೆಯುವುದೂ ಇಲ್ಲ. ನೋವನ್ನು ದಾದಿಯರಿಗೆ ತಿಳಿಸಬೇಕು.

ಶಸ್ತ್ರಚಿಕಿತ್ಸೆಯ ನಂತರ ಕರುಳು ಕೆಲಕಾಲ ಸ್ತಬ್ಧವಾಗುವುದು ಸಹಜ. ಸಣ್ಣ ಕರುಳು ಸುಮಾರು ಒಂದು ದಿನದಲ್ಲಿ, ಜಠರ ಒಂದೆರಡು ದಿನಗಳಲ್ಲಿ, ದೊಡ್ಡ ಕರುಳು ಎರಡು ಮೂರು ದಿನಗಳಲ್ಲಿ ಚಲನೆಗೆ ಮರಳುತ್ತದೆ. ವೈದ್ಯರು ಸಮ್ಮತಿಸಿದರೆ ಮೊದಲ ದಿನವೇ ಗುಟುಕು ಗುಟುಕಾಗಿ ನೀರು, ಮಜ್ಜಿಗೆ, ತೆಳು ಗಂಜಿ ಆರಂಭಿಸಬಹುದು. ವಾಯು ಹೊರಹೋಗುವುದು ಶುಭಸೂಚನೆ. ಮೂರು ನಾಲ್ಕು ದಿನ ಕಳೆದರೂ ವಾಯು ಹೋಗದೆ, ಹೊಟ್ಟೆ ಉಬ್ಬಿ ಹಸಿರು ವಾಂತಿಯಾಗುತ್ತಿದ್ದರೆ ಕರುಳಿನ ಸ್ತಬ್ಧತೆ ದೀರ್ಘವಾಗಿದೆ ಎಂದರ್ಥ. ಆಗ ಆಹಾರ ನಿಲ್ಲಿಸಿ ಮೂಗಿನ ನಳಿಕೆ ಹಾಕಬೇಕಾಗಬಹುದು, ಸೋರಿಕೆಯೇನಾದರೂ ಇದೆಯೇ ಎಂದು ಪರೀಕ್ಷಿಸಬೇಕಾಗಬಹುದು.

ಇನ್ನು ನೋಡಬರುವವರ ವಿಷಯ. ಒಬ್ಬರು ಜೊತೆಗಿದ್ದು ಉಳಿದವರು ಮನೆಯಿಂದಲೇ ಹಾರೈಸಿದರೆ ಅದು ದೊಡ್ಡ ಸೇವೆ. ಹೋಗಲೇಬೇಕಾದವರು ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳಬೇಕು. ಮಠದಿಂದಾಗಲಿ ಬೇರೆ ದೇವಸ್ಥಾನದಿಂದಾಗಲಿ ಪ್ರಸಾದ ತಂದವರು ಅದನ್ನು ರೋಗಿಯ ಬಾಯಿಗಿಡುವ ಮುನ್ನ ದಾದಿಯರನ್ನು ಕೇಳಬೇಕು. ಕಣ್ಣಿಗೊತ್ತಿಕೊಂಡು ಮನೆಯವರಿಗೆ ಹಂಚಿದರೂ ಅದು ಪ್ರಸಾದವೇ.

ನಾಲ್ಕರಿಂದ ಹತ್ತನೆಯ ದಿನ: ಸೋರಿಕೆಯ ಭಯ

ಕರುಳಿನ ಜೋಡಣೆ ಸೋರುವುದು ಎಲ್ಲ ತೊಡಕುಗಳಲ್ಲಿಯೂ ಅತ್ಯಂತ ಗಂಭೀರವಾದುದು. ಎಷ್ಟೇ ನುರಿತ ಕೈ ಹೊಲಿದಿದ್ದರೂ ಕೆಲವರಲ್ಲಿ ಇದು ಸಂಭವಿಸುತ್ತದೆ. ಹೆಚ್ಚಾಗಿ ಮೊದಲ ವಾರದ ಕೊನೆಯ ಸುಮಾರಿಗೆ ಇದು ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ಇನ್ನೂ ತಡವಾಗಿ. ರೋಗಿಗಳನ್ನು ಮನೆಗೆ ಕಳುಹಿಸುವುದೂ ಬಹುತೇಕ ಅದೇ ದಿನಗಳಲ್ಲಿ ಎಂಬುದನ್ನು ಭಕ್ತರು ಗಮನಿಸಬೇಕು. ಆಸ್ಪತ್ರೆಯಲ್ಲಿ ದಾದಿಯರು ನಾಲ್ಕು ಗಂಟೆಗೊಮ್ಮೆ ನೋಡುತ್ತಿದ್ದ ನಾಡಿ, ಜ್ವರಗಳನ್ನು ಮನೆಯಲ್ಲಿ ನೋಡುವವರು ಯಾರು?

ಸೋರಿಕೆಯ ಮೊದಲ ಗುರುತು ಹಲವು ಬಾರಿ ನೋವಲ್ಲ, ನಾಡಿಯ ವೇಗ. ಸುಮ್ಮನೆ ಮಲಗಿರುವಾಗಲೂ ನಾಡಿ ನಿಮಿಷಕ್ಕೆ 100ಕ್ಕಿಂತ ಹೆಚ್ಚು ಬಡಿಯುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ಜೊತೆಗೆ ಚಳಿ, ಜ್ವರ, ಏದುಸಿರು, ಕಡಿಮೆಯಾಗುತ್ತಿದ್ದ ಹೊಟ್ಟೆನೋವು ಮತ್ತೆ ಹೆಚ್ಚುವುದು, ಹೊಟ್ಟೆ ಬಿಗಿಯುವುದು, ಮೂತ್ರ ಕಡಿಮೆಯಾಗುವುದು, ವಯಸ್ಸಾದವರಲ್ಲಿ ಇದ್ದಕ್ಕಿದ್ದಂತೆ ಮಾತು ತಡವರಿಸಿ ಗೊಂದಲ ಉಂಟಾಗುವುದು ಕಂಡುಬರಬಹುದು. ನಿನ್ನೆ ಉತ್ಸಾಹದಿಂದಿದ್ದವರು ಇಂದು ಕಾರಣವಿಲ್ಲದೆ ಮಂಕಾದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹೊಳಲಿನ ಆ ಹಿರಿಯರಲ್ಲಿ ಇವುಗಳಲ್ಲಿ ಮೂರು ಗುರುತುಗಳು ಆ ರಾತ್ರಿಯೇ ಇದ್ದವು. ನಮಗೆ ಕೇಳಿಸಿತು, ತಿಳಿಯಲಿಲ್ಲ. ಬೇಗ ಹೋದವರಿಗೆ ಸಿ.ಟಿ. ಸ್ಕ್ಯಾನ್ ಮಾಡಿ, ಸಣ್ಣ ಸೋರಿಕೆಯಾದರೆ ಪ್ರತಿಜೈವಿಕ ಔಷಧಗಳಿಂದ, ಕೀವನ್ನು ನಳಿಕೆಯ ಮೂಲಕ ಹೊರತೆಗೆಯುವುದರಿಂದ ಗುಣಪಡಿಸುವ ಅವಕಾಶವಿರುತ್ತದೆ. ತಡವಾದಂತೆ ನಂಜು ರಕ್ತಕ್ಕೇರಿ ಮೂತ್ರಪಿಂಡ, ಶ್ವಾಸಕೋಶಗಳು ಸೋಲುತ್ತವೆ. ಇಲ್ಲಿ ಗಂಟೆಗಳಿಗೆ ಬೆಲೆಯಿದೆ.

ಅಂಥ ಹೊತ್ತಿನಲ್ಲಿ ಮಾಡಬಾರದ ಕೆಲವು ಕೆಲಸಗಳಿವೆ. ಮಲಬದ್ಧತೆಯೆಂದು ಹರಳೆಣ್ಣೆ ಕುಡಿಸಬಾರದು. ಎನಿಮಾ ಕೊಡಬಾರದು. ಬಟ್ಟಿ ಬಿದ್ದಿದೆಯೆಂದು ಹೊಟ್ಟೆ ತಿಕ್ಕಿಸಬಾರದು. ಔಷಧದ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸಬಾರದು; ಕೆಲವು ನೋವುನಿವಾರಕಗಳು ಹೊಲಿಗೆ ಕೂಡುವುದಕ್ಕೆ ಅಡ್ಡಿಯಾಗಬಹುದು, ಜ್ವರ ನೋವುಗಳನ್ನು ಮರೆಮಾಚಿ ರೋಗವನ್ನು ಅಡಗಿಸಲೂಬಹುದು. ಅಮಾವಾಸ್ಯೆ, ರಾಹುಕಾಲಗಳನ್ನು ನೋಡಬಾರದು. ಕಾಲದಲ್ಲಿ ಶುಭಾಶುಭಗಳನ್ನು ಎಣಿಸುವುದನ್ನು ಶರಣರು ಎಂಟುನೂರು ವರ್ಷಗಳ ಹಿಂದೆಯೇ ತಿರಸ್ಕರಿಸಿದರು. ಮಠದ ಕಾರ್ಯದರ್ಶಿಗಳಾದ ನಾವೇ ಆ ರಾತ್ರಿ ಅದನ್ನು ಮರೆತೆವು.

ಗಾಯದ ಆರೈಕೆ

ಹೊಟ್ಟೆಯ ಮೇಲಿನ ಗಾಯದಲ್ಲಿ ಸೋಂಕು ಸಾಮಾನ್ಯ ತೊಡಕು. ಕೆಂಪಾಗುವುದು, ಬಿಸಿಯಾಗುವುದು, ಊದಿಕೊಳ್ಳುವುದು, ಕೀವು ಅಥವಾ ದುರ್ವಾಸನೆ ಇದರ ಲಕ್ಷಣಗಳು. ಅರಿಶಿನ, ಸುಣ್ಣ, ವಿಭೂತಿ, ಎಣ್ಣೆ ಯಾವುದನ್ನೂ ಗಾಯಕ್ಕೆ ಹಚ್ಚಬಾರದು. ವಿಭೂತಿ ಹಣೆಯ ಮೇಲಿರಲಿ. ವೈದ್ಯರು ಅನುಮತಿಸಿದ ಮೇಲೆ ಶುದ್ಧ ನೀರಿನಲ್ಲಿ ಸ್ನಾನ ಮಾಡಿ, ಶುಭ್ರವಾದ ಬಟ್ಟೆಯಿಂದ ಒತ್ತಿ ಒರೆಸಿದರೆ ಸಾಕು. ನಾಲೆ, ಕೆರೆಗಳಲ್ಲಿ ಮುಳುಗುವುದು ಗಾಯ ಪೂರ್ಣ ಮಾಗುವವರೆಗೆ ಬೇಡ.

ಸುಮಾರು ಒಂದು ವಾರದ ಹೊತ್ತಿಗೆ ಗಾಯದಿಂದ ಹಠಾತ್ತನೆ ತಿಳಿಗೆಂಪು ನೀರು ಧಾರಾಳವಾಗಿ ಸುರಿದು ಬಟ್ಟೆ ತೋಯ್ದರೆ, ಒಳಗಿನ ಹೊಲಿಗೆ ಬಿಚ್ಚುತ್ತಿರುವ ಸಂಭವವಿದೆ. ತಕ್ಷಣ ಆಸ್ಪತ್ರೆಗೆ ಹೊರಡಬೇಕು. ಕರುಳೇ ಹೊರಬಂದರೆ ಗಾಬರಿಗೊಳ್ಳದೆ, ಅದನ್ನು ಒಳಗೆ ತಳ್ಳಲು ಯತ್ನಿಸದೆ, ಶುಭ್ರವಾದ ಬಟ್ಟೆಯನ್ನು ಶುದ್ಧ ನೀರಿನಲ್ಲಿ ಅಥವಾ ಸಲೈನಿನಲ್ಲಿ ತೋಯಿಸಿ ಮುಚ್ಚಿ, ರೋಗಿಯನ್ನು ಮಂಡಿ ಮಡಿಸಿ ಮಲಗಿಸಿ, ಬಾಯಿಗೆ ಏನನ್ನೂ ಕೊಡದೆ 108ಕ್ಕೆ ಕರೆಮಾಡಬೇಕು.

ಗಾಯದ ಅಡಿಯ ಸ್ನಾಯು ಬಲಗೊಳ್ಳಲು ವಾರಗಳು ಬೇಕು. ಕನಿಷ್ಠ ಆರು ವಾರ ಐದು ಕಿಲೋಗಿಂತ ಹೆಚ್ಚಿನ ಭಾರ ಎತ್ತಬಾರದು. ತುಂಬಿದ ಕೊಡ, ಹುಲ್ಲಿನ ಹೊರೆ, ಕಬ್ಬಿನ ಕಟ್ಟು, ಮೊಮ್ಮಗುವನ್ನು ಎತ್ತುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ಆತುರಪಟ್ಟರೆ ಹೊಲಿಗೆಯ ಜಾಗದಲ್ಲಿಯೇ ಹರ್ನಿಯಾ ಉಂಟಾಗುತ್ತದೆ. ಕಾಯಕವನ್ನು ಪೂಜೆಯೆಂದು ಬಗೆದ ಸಮಾಜ ನಮ್ಮದು. ಆರು ವಾರಗಳ ವಿಶ್ರಾಂತಿ ಮುಂದಿನ ಇಪ್ಪತ್ತು ವರ್ಷಗಳ ಕಾಯಕಕ್ಕೆ ಬಂಡವಾಳವೆಂದು ತಿಳಿಯಬೇಕು. ವಿಶ್ರಾಂತಿಯೆಂದರೆ ಮಲಗುವುದಲ್ಲ, ಬೆಳಿಗ್ಗೆ ಸಂಜೆ ಸಮತಟ್ಟಾದ ಜಾಗದಲ್ಲಿ ನಡೆಯಲೇಬೇಕು. ಮೀನಖಂಡದಲ್ಲಿ ನೋವು, ಒಂದೇ ಕಾಲಿನಲ್ಲಿ ಊತ, ಹಠಾತ್ ಎದೆನೋವು ಅಥವಾ ಉಸಿರಾಟದ ತೊಂದರೆ ಕಂಡರೆ ಹೆಪ್ಪುಗಟ್ಟಿರುವ ಶಂಕೆಯಿಂದ ಕೂಡಲೇ ತೋರಿಸಬೇಕು. ಗಡ್ಡೆಯ ಶಸ್ತ್ರಚಿಕಿತ್ಸೆಯಾದವರಿಗೆ ನಾಲ್ಕು ವಾರಗಳವರೆಗೆ ಹೆಪ್ಪು ತಡೆಯುವ ಚುಚ್ಚುಮದ್ದನ್ನು ಬರೆದುಕೊಟ್ಟಿದ್ದರೆ ನಡುವೆ ನಿಲ್ಲಿಸಬಾರದು.

ಮಂಡ್ಯದ ಊಟ ಮತ್ತು ಹೊಸ ಹೊಲಿಗೆ

ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅಗಿದರೆ ನಗುತ್ತಾರೆ. ಹೊಸದಾಗಿ ಜೋಡಿಸಿದ ಕರುಳಿಗೆ ಈ ಅಭ್ಯಾಸ ಒಗ್ಗುವುದಿಲ್ಲ. ಮೊದಲ ನಾಲ್ಕಾರು ವಾರಗಳು ರಾಗಿಯನ್ನು ಬಿಡಬೇಕಾಗಿಲ್ಲ, ರೂಪ ಬದಲಿಸಬೇಕು: ಸೋಸಿದ ರಾಗಿಹಾಲಿನ ಗಂಜಿ, ತೆಳು ಅಂಬಲಿ ಚೆನ್ನ. ಮೆತ್ತಗಿನ ಅನ್ನ, ಹೆಸರುಬೇಳೆಯ ತೊವ್ವೆ, ಇಡ್ಲಿ, ಮೊಸರು, ಬೇಯಿಸಿ ಮಸೆದ ಕುಂಬಳ, ಕ್ಯಾರೆಟ್, ಸಿಪ್ಪೆ ತೆಗೆದ ಹಣ್ಣುಗಳಿಂದ ಆರಂಭಿಸಿ ನಿಧಾನವಾಗಿ ಹಿಂದಿನ ಊಟಕ್ಕೆ ಮರಳಬಹುದು. ಮೂರು ದೊಡ್ಡ ಊಟಗಳ ಬದಲು ಆರು ಸಣ್ಣ ಊಟಗಳು ಹಿತ. ನಾರಿನ ಸೊಪ್ಪಿನ ಬಸ್ಸಾರು, ಅವರೆಕಾಳು, ಕಬ್ಬು, ಕೊಬ್ಬರಿ, ಜೋಳದ ತೆನೆ, ನುಗ್ಗೆಕಾಯಿ, ಹಲಸು ಮುಂತಾದವನ್ನು ಆರಂಭದ ವಾರಗಳಲ್ಲಿ ದೂರವಿಡಬೇಕು.

ಸಸ್ಯಾಹಾರಿಗಳಾದ ನಾವು ಎರಡು ಸಂಗತಿಗಳನ್ನು ಮರೆಯಬಾರದು. ಗಾಯ ಕೂಡಲು ಪ್ರೋಟೀನು ಬೇಕು. ಗಂಜಿಯಲ್ಲಿ ಅದು ಕಡಿಮೆ. ಬೇಳೆ, ಹಾಲು, ಮೊಸರು, ಪನೀರು, ಸೋಯಾಗಳಿಂದ ಅದನ್ನು ತುಂಬಬೇಕು. ಎರಡನೆಯದು ಬಿ12 ಜೀವಸತ್ವ. ಇದು ರಕ್ತಕ್ಕೂ ನರಗಳಿಗೂ ಬೇಕಾದುದು. ಸಸ್ಯಾಹಾರಿಗಳಲ್ಲಿ ಇದು ಮೊದಲೇ ಕಡಿಮೆಯಿರುವುದುಂಟು. ದೇಹ ಇದನ್ನು ಹೀರಿಕೊಳ್ಳುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಆ ಭಾಗವನ್ನು ಹೆಚ್ಚಾಗಿ ಕತ್ತರಿಸಿದ್ದರೆ ಕೆಲವು ತಿಂಗಳು, ವರ್ಷಗಳ ನಂತರ ಸುಸ್ತು, ಕಾಲು ಜೋಮು ಕಾಣಿಸಬಹುದು. "ನನ್ನ ಕರುಳಿನ ಯಾವ ಭಾಗ ತೆಗೆದಿದ್ದೀರಿ, ನನಗೆ ಬಿ12 ಚುಚ್ಚುಮದ್ದು ಬೇಕೇ?" ಎಂದು ಬಿಡುಗಡೆಯ ದಿನವೇ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ತಿಂಗಳುಗಳೋ ವರ್ಷಗಳೋ ಕಳೆದ ಮೇಲೂ ಬರಬಹುದಾದ ತೊಡಕೊಂದಿದೆ. ಹೊಟ್ಟೆಯೊಳಗೆ ಕರುಳುಗಳು ಒಂದಕ್ಕೊಂದು ಅಂಟಿಕೊಂಡು ದಾರಿ ಕಟ್ಟುವುದು. ಅಲೆಯಂತೆ ಬಂದುಹೋಗುವ ನೋವು, ವಾಂತಿ, ಹೊಟ್ಟೆಯುಬ್ಬರ, ಮಲವಾಯು ನಿಲ್ಲುವುದು ಇವು ಒಟ್ಟಿಗೆ ಕಂಡರೆ, ಹಳೆಯ ಶಸ್ತ್ರಚಿಕಿತ್ಸೆಯನ್ನು ವೈದ್ಯರಿಗೆ ನೆನಪಿಸಬೇಕು. ಬಿಡುಗಡೆಯ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕಾದುದು ಇದಕ್ಕೇ.

ಹೊಟ್ಟೆಯ ಮೇಲಿನ ಚೀಲ

ಕೆಲವೊಮ್ಮೆ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರತಂದು ಚೀಲ ಅಂಟಿಸುತ್ತಾರೆ. ಇದನ್ನು ಸ್ಟೋಮಾ ಎನ್ನುತ್ತಾರೆ. ಕೆಲವರಿಗೆ ಇದು ಕೆಲವು ತಿಂಗಳುಗಳ ತಾತ್ಕಾಲಿಕ ವ್ಯವಸ್ಥೆ, ಹೊಸ ಹೊಲಿಗೆಗೆ ವಿಶ್ರಾಂತಿ ಕೊಡುವ ಉಪಾಯ, ಕೆಲವರಿಗೆ ಶಾಶ್ವತ.

ಆರೋಗ್ಯಕರ ಸ್ಟೋಮಾ ತುಟಿಯ ಒಳಭಾಗದಂತೆ ಕೆಂಪಾಗಿ ತೇವವಾಗಿರುತ್ತದೆ. ಅದಕ್ಕೆ ನೋವಿನ ಅರಿವಿಲ್ಲ. ಒರೆಸುವಾಗ ಚುಕ್ಕೆ ರಕ್ತ ಕಂಡರೆ ಭಯಬೇಡ. ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡಬಾರದು. ಚೀಲ ಮೂರನೆಯ ಒಂದು ಭಾಗದಿಂದ ಅರ್ಧ ತುಂಬುವ ವೇಳೆಗೆ ಬರಿದು ಮಾಡಬೇಕು, ಭಾರವಾದರೆ ಕಿತ್ತುಬರುತ್ತದೆ. ಅಂಟುಫಲಕದ ರಂಧ್ರವನ್ನು ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಬೇಕು. ಹೆಚ್ಚು ದೊಡ್ಡದಾದರೆ ಮಲ ಚರ್ಮಕ್ಕೆ ತಾಗಿ ಹುಣ್ಣಾಗುತ್ತದೆ. ಮೊದಲ ಆರೆಂಟು ವಾರಗಳಲ್ಲಿ ಸ್ಟೋಮಾ ಕುಗ್ಗುವುದರಿಂದ ಆಗಾಗ ಅಳತೆ ನೋಡಬೇಕು. ಸುತ್ತಲಿನ ಚರ್ಮವನ್ನು ಬೆಚ್ಚಗಿನ ನೀರಿನಿಂದ ತೊಳೆದು ಒಣಗಿಸಿದರೆ ಸಾಕು. ಎಣ್ಣೆ ಹಚ್ಚಿದರೆ ಚೀಲ ನಿಲ್ಲುವುದಿಲ್ಲ.

ಸಣ್ಣ ಕರುಳಿನ ಸ್ಟೋಮಾ ಇರುವವರಿಗೆ ನೀರು, ಉಪ್ಪಿನಂಶ ನಷ್ಟವಾಗುವುದೇ ದೊಡ್ಡ ಅಪಾಯ. ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ದ್ರವ ಹೊರಬರುತ್ತಿದ್ದರೆ ವೈದ್ಯರನ್ನು ಸಂಪರ್ಕಿಸಬೇಕು. ಮದ್ದೂರಿನ ಎಳನೀರು ಹೆಸರಾದುದು; ನಿರ್ಜಲೀಕರಣವೆಂದೊಡನೆ ನಾವೆಲ್ಲ ಮೊದಲು ನೆನೆಯುವುದು ಅದನ್ನೇ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಬಹಳ ಕಡಿಮೆ. ಈ ಸ್ಟೋಮಾದಿಂದ ಮುಖ್ಯವಾಗಿ ನಷ್ಟವಾಗುವುದು ಸೋಡಿಯಂ. ಬರಿಯ ನೀರನ್ನೋ ಎಳನೀರನ್ನೋ ಕುಡಿಯುತ್ತಲೇ ಹೋದರೆ ಹೊರಬರುವ ದ್ರವ ಇನ್ನೂ ಹೆಚ್ಚಬಹುದು. ಅವರಿಗೆ ಓಆರ್‌ಎಸ್ ದ್ರಾವಣವೇ ಸರಿಯಾದ ಪೇಯ. ಪೊಟ್ಟಣದ ಮೇಲೆ ಸೂಚಿಸಿದಷ್ಟೇ ಅಳತೆಯ ನೀರಿನಲ್ಲಿ ಕಲಸಬೇಕು. ಬಾಯಿ ಒಣಗುವುದು, ತಲೆಸುತ್ತು, ಸ್ನಾಯುಸೆಳೆತ, ಮೂತ್ರ ಕಡುಹಳದಿಯಾಗಿ ಕಡಿಮೆಯಾಗುವುದು ಕಂಡರೆ ಆಸ್ಪತ್ರೆಯೇ ಗತಿ.

ಪೂಜೆ, ಶುದ್ಧಿ ಮತ್ತು ಸಂಕೋಚ

ಭಕ್ತರು ಬಾಯಿಬಿಟ್ಟು ಕೇಳಲು ಸಂಕೋಚಪಡುವ ಎರಡು ಪ್ರಶ್ನೆಗಳಿವೆ.

ಮೊದಲನೆಯದು, ಶಸ್ತ್ರಚಿಕಿತ್ಸೆಯ ವೇಳೆ ಇಷ್ಟಲಿಂಗವನ್ನು ಏನು ಮಾಡಬೇಕು ಎಂಬುದು. ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ನಿಲ್ಲಿಸಲು ವಿದ್ಯುತ್ ಉಪಕರಣ ಬಳಸುವುದರಿಂದ ಮೈಮೇಲೆ ಲೋಹವಿದ್ದರೆ ಸುಟ್ಟಗಾಯವಾಗುವ ಅಪಾಯವಿದೆ. ಬೆಳ್ಳಿಯ ಕರಡಿಗೆಯನ್ನು ತೆಗೆಯಲೇಬೇಕು. ಹಿಂದಿನ ದಿನವೇ ವೈದ್ಯರೊಡನೆ ಮಾತನಾಡಿ, ಅವರು ಒಪ್ಪಿದರೆ ಲಿಂಗವನ್ನು ಶುಭ್ರವಸ್ತ್ರದಲ್ಲಿ ಸುತ್ತಿ ಅವರು ಹೇಳಿದ ಕಡೆ ಕಟ್ಟಿಕೊಳ್ಳಬಹುದು. ಒಪ್ಪದಿದ್ದರೆ ಮನೆಯ ಹಿರಿಯರ ಅಂಗೈಯಲ್ಲಿಟ್ಟು ಒಳಗೆ ಹೋಗಬಹುದು. ಪ್ರಾಣ ಉಳಿಸಿಕೊಳ್ಳಲು ಹೋದವರಿಗೆ ದೋಷವೆಣಿಸುವ ಶಿವ ನಮ್ಮವನಲ್ಲ.

ಎರಡನೆಯದು ಚೀಲವಿರುವವರದು: "ನಾನು ಲಿಂಗಪೂಜೆ ಮಾಡಬಹುದೇ? ಮಠಕ್ಕೆ ಬರಬಹುದೇ? ಪಂಕ್ತಿಯಲ್ಲಿ ಕೂರಬಹುದೇ?" ನಮ್ಮ ಧರ್ಮ ಪಂಚಸೂತಕಗಳನ್ನೇ ನಿರಾಕರಿಸಿದ ಧರ್ಮ. ಶರೀರವನ್ನು ಲಿಂಗದ ನೆಲೆಯೆಂದು ಬಗೆದ ಶರಣರು ಕರುಳನ್ನು ಅದರಿಂದ ಹೊರಗಿಡಲಿಲ್ಲ. ಎಲ್ಲರ ಹೊಟ್ಟೆಯೊಳಗೂ ಇರುವುದು ಇವರಲ್ಲಿ ಹೊರಗಿನ ಚೀಲದಲ್ಲಿದೆ, ಅಷ್ಟೇ. ಪದ್ಮಾಸನ ಹಾಕಲಾಗದಿದ್ದರೆ ಕುರ್ಚಿಯ ಮೇಲೆ ಕುಳಿತು ಪೂಜಿಸಲಿ. ದಾಸೋಹದ ಪಂಕ್ತಿಯಲ್ಲಿ ಧಾರಾಳವಾಗಿ ಕೂರಲಿ. ಸರಿಯಾಗಿ ಅಂಟಿಸಿದ ಚೀಲದಿಂದ ವಾಸನೆ ಬರುವುದಿಲ್ಲ, ಉಡುಪಿನ ಅಡಿಯಲ್ಲಿ ಅದು ಕಾಣುವುದೂ ಇಲ್ಲ.

ತಡಮಾಡದೆ ಹೊರಡಬೇಕಾದ ಗುರುತುಗಳು

ಈ ಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಬೇಕೆಂದು ವಿನಂತಿ. ಜೊತೆಗೆ ಮನೆಗೆ ಬಂದ ಮೊದಲ ಎರಡು ವಾರ ಬೆಳಿಗ್ಗೆ ಸಂಜೆ ನಾಡಿ ಮತ್ತು ಜ್ವರ ನೋಡಿ ಒಂದು ಪುಸ್ತಕದಲ್ಲಿ ಬರೆದಿಡಬೇಕು.

1. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು, ಇಲ್ಲವೇ ನಡುಕದ ಚಳಿ.
2. ವಿಶ್ರಾಂತಿಯಲ್ಲಿಯೂ ನಾಡಿ ನಿಮಿಷಕ್ಕೆ 100ಕ್ಕಿಂತ ಹೆಚ್ಚು.
3. ಹೆಚ್ಚುತ್ತಿರುವ ಹೊಟ್ಟೆನೋವು, ಉಬ್ಬರ, ಬಿಗಿತ.
4. ಮತ್ತೆ ಮತ್ತೆ ವಾಂತಿ. ಮಲ, ವಾಯು ನಿಲ್ಲುವುದು.
5. ಗಾಯದಿಂದ ಕೀವು, ಮಲದಂಥ ದ್ರವ, ಅಥವಾ ಹಠಾತ್ ತಿಳಿಗೆಂಪು ನೀರು.
6. ಮಲದಲ್ಲಿ ಧಾರಾಳ ರಕ್ತ, ಸ್ಟೋಮಾ ಕಪ್ಪಾಗುವುದು.
7. ಒಂದು ಕಾಲಿನ ಊತ, ಎದೆನೋವು, ಉಸಿರಾಟದ ತೊಂದರೆ.
8. ಮೂತ್ರ ತೀರಾ ಕಡಿಮೆಯಾಗುವುದು; ಮಾತಿನಲ್ಲಿ ಗೊಂದಲ.

ಸಾಧ್ಯವಾದರೆ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೇ ಹೋಗುವುದು ಮೇಲು. ದೂರವಾದರೆ ಮೊದಲು ಸಮೀಪದ ದೊಡ್ಡ ಆಸ್ಪತ್ರೆಗೆ ತಲುಪಬೇಕು. ಹೊಳಲು ಹಾಗೂ ಸುತ್ತಲಿನವರಿಗೆ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ ಹತ್ತಿರವಿದೆ. ಮೈಸೂರಿನಲ್ಲಿ ಕೃಷ್ಣರಾಜೇಂದ್ರ ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆಗಳಿವೆ. ಗಡ್ಡೆಯ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ. ಮದ್ದೂರು, ಮಳವಳ್ಳಿ ಕಡೆಯ ಭಕ್ತರು ಯಾವ ಆಸ್ಪತ್ರೆಗೆ, ಯಾರ ವಾಹನದಲ್ಲಿ ಹೋಗುವುದೆಂಬುದನ್ನು ರೋಗಿ ಮನೆಗೆ ಬಂದ ದಿನವೇ ಗೊತ್ತುಮಾಡಿಕೊಳ್ಳಬೇಕು. 108 ಆಂಬುಲೆನ್ಸ್ ಸೇವೆ ಉಚಿತ. ಖರ್ಚಿನ ಭಯದಿಂದ ತಡಮಾಡುವವರು, 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ನೆರವಿದೆಯೆಂಬುದನ್ನು ತಿಳಿದಿರಬೇಕು. ಪಡಿತರ ಚೀಟಿ, ಆಧಾರ್ ಪ್ರತಿಗಳನ್ನು ಬಿಡುಗಡೆಯ ಪತ್ರದೊಡನೆ ಒಂದೇ ಚೀಲದಲ್ಲಿಟ್ಟಿರಬೇಕು.

ಹೊಳಲಿನ ಆ ಹಿರಿಯರು ಚೀಲದೊಡನೆ ಮನೆಗೆ ಮರಳಿದ ಮೇಲೆ ತಿಂಗಳುಗಟ್ಟಲೆ ಮಠದ ಕಡೆ ಸುಳಿಯಲಿಲ್ಲ. ನಾವೇ ಅವರ ಮನೆಗೆ ಹೋದೆವು. ಆ ರಾತ್ರಿಯ ಮಾತಿಗೆ ಕ್ಷಮೆ ಕೇಳಿದೆವು. ಅವರು ಮೊದಲು ಕೇಳಿದ್ದು ನಮ್ಮ ತಪ್ಪನ್ನಲ್ಲ, "ನಾನು ಶಿವಾನುಭವಕ್ಕೆ ಬಂದರೆ ಯಾರಾದರೂ ಏನಾದರೂ ಅಂದಾರೆಯೇ?" ಎಂದು. ಮುಂದಿನ ತಿಂಗಳು ಅವರು ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಕೆಲವು ತಿಂಗಳ ನಂತರ ವೈದ್ಯರು ಕರುಳನ್ನು ಮತ್ತೆ ಜೋಡಿಸಿದರು. ಈ ಬಾರಿ ಅವರ ಸೊಸೆ ದಿನಕ್ಕೆರಡು ಬಾರಿ ನಾಡಿ ನೋಡಿ ಪುಸ್ತಕದಲ್ಲಿ ಬರೆದಿಟ್ಟರು.

ಭಕ್ತರ ಮನೆಗಳಲ್ಲಿ ಇಂಥ ಸಂದರ್ಭ ಬಂದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ, ಮೊದಲು ವೈದ್ಯರಿಗೆ, ಅನಂತರ ನಮಗೆ ಕರೆಮಾಡಿ. ವಾಹನಕ್ಕೋ ಜೊತೆಗೊಬ್ಬರು ಬೇಕೆಂದೋ ನಮ್ಮನ್ನು ಕೇಳಿ. "ಬೆಳಗಾಗಲಿ" ಎಂಬ ಮಾತನ್ನು ನಾವು ಇನ್ನೆಂದೂ ಆಡುವುದಿಲ್ಲ.



ಕಾರ್ಯದರ್ಶಿಗಳು, ಶ್ರೀಮಠ